ಸಹಾಯ ಬೇಕು: ಋಣ ಘಾತಾಂಕವಿರುವ ಆದರ್ಶ ರೂಪವನ್ನು ಕಲಿಸುವ ಬಗೆ

ಆತ್ಮೀಯ ಗುರುಬಂಧುಗಳಿಗೆ ನಮಸ್ಕಾರ. ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಎಂಟನೆಯ ತರಗತಿಗೆ ಗಣಿತ ಬೋಧಿಸುತ್ತಿರುವ ನನಗೆ, ಸಂಖ್ಯೆಗಳನ್ನು ಆದರ್ಶ ರೂಪದಲ್ಲಿ, ಅಂದರೆ 1 ಅಥವಾ ಅದಕ್ಕಿಂತ ದೊಡ್ಡದಾದ, ಆದರೆ 10ಕ್ಕಿಂತ ಚಿಕ್ಕದಾದ ಸಂಖ್ಯೆ ಮತ್ತು 10ರ ಘಾತದ ಗುಣಲಬ್ಧವಾಗಿ, ಬರೆಯಿಸುವ ವಿಷಯದಲ್ಲಿ ತಮ್ಮ ನೆರವು ಬೇಕಾಗಿದೆ. ದೊಡ್ಡ ಸಂಖ್ಯೆಗಳಲ್ಲಿ ತೊಡಕಿಲ್ಲ. ಲಕ್ಷವೆಂದರೆ 10⁵, ಕೋಟಿಯೆಂದರೆ 10⁷ ಎಂಬುದು ಗಟ್ಟಿಯಾದ ಮೇಲೆ, ಸೂರ್ಯನಿಗಿರುವ ಸುಮಾರು 15 ಕೋಟಿ ಕಿಲೋಮೀಟರ್ ದೂರವನ್ನು ಮಕ್ಕಳು 1.5 × 10⁸ ಎಂದು ತಾವೇ ಬರೆಯುತ್ತಾರೆ.

ತೊಡಕಿರುವುದು ಋಣ ಘಾತಾಂಕದಲ್ಲಿ. ನಮ್ಮ ಭಾಗದ ಬೆಳೆಯೆಂದು ಹತ್ತಿಯ ಎಳೆಯನ್ನೇ ಉದಾಹರಣೆಗೆ ತೆಗೆದುಕೊಂಡು, ಅದರ ದಪ್ಪ ಸುಮಾರು 0.000015 ಮೀಟರ್ ಎಂದು ಹಲಗೆಯ ಮೇಲೆ ಬರೆದರೆ, ಕೆಲವರು 1.5 × 10⁻⁵ ಎನ್ನುವ ಬದಲು ಬಿಂದುವಿನ ನಂತರದ ಸೊನ್ನೆಗಳನ್ನಷ್ಟೇ ಎಣಿಸಿ 1.5 × 10⁻⁴ ಎನ್ನುತ್ತಾರೆ. ಇನ್ನು ಕೆಲವರು 10⁻⁵ ಎಂಬುದನ್ನು ಸೊನ್ನೆಗಿಂತ ಚಿಕ್ಕ ಸಂಖ್ಯೆಯೆಂದೇ ತಿಳಿಯುತ್ತಾರೆ. ಬಿಂದುವನ್ನು ಬಲಕ್ಕೆ ಸರಿಸಿದರೆ ಘಾತಾಂಕ ಋಣ ಎಂದು ಬಾಯಿಪಾಠ ಮಾಡಿಸಬಹುದು, ಆದರೆ ಅದು ಪರೀಕ್ಷೆಯವರೆಗೆ ಮಾತ್ರ ಉಳಿಯುತ್ತದೆ. 10², 10¹, 10⁰ ಎಂದು ಪ್ರತಿ ಸಲ ಹತ್ತರಿಂದ ಭಾಗಿಸುತ್ತ 10⁻¹ಕ್ಕೆ ಇಳಿಯುವ ಕ್ರಮ ಸ್ವಲ್ಪ ಫಲ ಕೊಟ್ಟಿದೆ. ಆದರೂ 3 × 10⁻⁴ ಮತ್ತು 2 × 10⁻³ ಇವುಗಳಲ್ಲಿ ದೊಡ್ಡದು ಯಾವುದೆಂದು ಕೇಳಿದೊಡನೆ ತರಗತಿ ಇಬ್ಭಾಗವಾಗುತ್ತದೆ.

ಈ ಹೋಲಿಕೆಯನ್ನು ಕಲಿಸಲು ತಾವು ಬಳಸಿದ ಚಟುವಟಿಕೆ ಅಥವಾ ಅಭ್ಯಾಸ ಹಾಳೆಯಿದ್ದರೆ ದಯವಿಟ್ಟು ಹಂಚಿಕೊಳ್ಳಿ. ನಮ್ಮಲ್ಲಿ ಸ್ಮಾರ್ಟ್ ಬೋರ್ಡ್ ಇಲ್ಲದ ಕಾರಣ, ಚಾಕ್‌ಪೀಸ್ ಮತ್ತು ಹಲಗೆಯಲ್ಲೇ ಮಾಡಬಹುದಾದದ್ದಾದರೆ ಹೆಚ್ಚು ಅನುಕೂಲವಾಗುತ್ತದೆ.