ಬೋರ್ಡ್ ಮಲಗಿದ್ದಾಗ ಮಳೆಮಾಪಕದ ಇಂಟರಪ್ಟ್ ಅದನ್ನು ಎಬ್ಬಿಸುತ್ತಿಲ್ಲ: ಕಾರಣವೇನಿರಬಹುದು?

ಪ್ರಶ್ನೆ (ತಿಕೋಟಾ, ವಿಜಯಪುರ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಮ್ಮ ಕಾಕಾ ಅವರ ದ್ರಾಕ್ಷಿ ತೋಟದಲ್ಲಿ ಹವಾಮಾನವನ್ನು ದಾಖಲಿಸುವ ಸಣ್ಣ ಯಂತ್ರವೊಂದನ್ನು ನಾನೇ ಜೋಡಿಸಿ ನಿಲ್ಲಿಸಿದ್ದೇನೆ. ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಅದರ ಮೇಲೆ ಲಿನಕ್ಸ್, ಒಂದು ಸೋಲಾರ್ ಪ್ಯಾನೆಲ್, ಒಂದು ಬ್ಯಾಟರಿ, ಉಷ್ಣಾಂಶ ಹಾಗೂ ತೇವಾಂಶದ ಸೆನ್ಸರ್, ಇವುಗಳ ಜೊತೆಗೆ ಮಗುಚುವ ಬಟ್ಟಲಿನ ಮಳೆಮಾಪಕ. 0.2 ಮಿ.ಮೀ. ಮಳೆ ಬಿದ್ದಾಗಲೆಲ್ಲ ಬಟ್ಟಲು ಒಮ್ಮೆ ಮಗುಚುತ್ತದೆ, ಒಳಗಿನ ರೀಡ್ ಸ್ವಿಚ್ ಕ್ಷಣಮಾತ್ರ ಕೂಡಿಕೊಳ್ಳುತ್ತದೆ, ಆ ಸಂಕೇತ ಬೋರ್ಡಿನ ಪಿ9 ಸಾಲಿನ 12ನೇ ಪಿನ್ನಿಗೆ ಇಂಟರಪ್ಟ್ ಆಗಿ, ಅಂದರೆ ಪ್ರೊಸೆಸರಿನ ಗಮನ ಸೆಳೆಯುವ ಕರೆಯಾಗಿ, ಬರುತ್ತದೆ.

ಸೆಪ್ಟೆಂಬರಿನ ಮೋಡದ ದಿನಗಳಲ್ಲಿ ಬ್ಯಾಟರಿ ಬೆಳಗಿನವರೆಗೆ ಉಳಿಯುತ್ತಿರಲಿಲ್ಲ. ಆದ್ದರಿಂದ ಎರಡು ಅಳತೆಗಳ ನಡುವೆ ಬೋರ್ಡನ್ನು ಮಲಗಿಸಲು, ಅಂದರೆ ಕಡಿಮೆ ವಿದ್ಯುತ್ತಿನ ನಿದ್ರಾಸ್ಥಿತಿಗೆ ಕಳುಹಿಸಲು, ಆರಂಭಿಸಿದೆ. ಸಿಸ್ ಕಡತವ್ಯವಸ್ಥೆಯ ಪವರ್ ಫೋಲ್ಡರಿನಲ್ಲಿರುವ ಸ್ಟೇಟ್ ಕಡತಕ್ಕೆ 'ಮೆಮ್' ಎಂದು ಬರೆಯುತ್ತೇನೆ. 15 ನಿಮಿಷಕ್ಕೊಮ್ಮೆ ಆರ್‌ಟಿಸಿಯ (ಸಮಯ ಕಾಯುವ ಒಳಗಿನ ಗಡಿಯಾರದ) ಅಲಾರಂ ಎಬ್ಬಿಸುತ್ತದೆ. ಅಲಾರಂ ಒಮ್ಮೆಯೂ ತಪ್ಪಿಲ್ಲ. ಆದರೆ ಮಳೆಮಾಪಕದ ಸಂಕೇತಕ್ಕೆ ಬೋರ್ಡ್ ಏಳುವುದೇ ಇಲ್ಲ. ಎಚ್ಚರವಿದ್ದಾಗ ಅದೇ ಪಿನ್ನಿನಲ್ಲಿ ಎಣಿಕೆ ಸರಿಯಾಗಿ ನಡೆಯುತ್ತದೆ. ಯಾವ ಪಿನ್ನಿಗೆ ಏನು ಜೋಡಿಸಿದೆ ಎಂದು ಲಿನಕ್ಸ್‌ನ ತಿರುಳಾದ ಕರ್ನೆಲ್ಲಿಗೆ ಹೇಳುವ ಡಿವೈಸ್ ಟ್ರೀಯಲ್ಲಿ, ಪಿನ್ನಿನ ಸಂಕೇತ ಓದುವ ಜಿಪಿಐಒ-ಕೀಸ್ ಡ್ರೈವರಿನ ನಮೂದಿನ ಕೆಳಗೆ 'ವೇಕಪ್-ಸೋರ್ಸ್' ಎಂದು ಬರೆದಿದ್ದೇನೆ. ಕರ್ನೆಲ್ ಲಾಗ್‌ನಲ್ಲಿ ದೋಷವೇನೂ ಕಾಣುವುದಿಲ್ಲ.

ಕಳೆದ ವರ್ಷ ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವಿಕೆಯ) ನಂತರ ಒಂದು ರಾತ್ರಿ ಮಳೆ ಸುರಿದಿತ್ತು. ಯಂತ್ರ ಮಲಗಿದ್ದುದರಿಂದ ದಾಖಲೆಯಲ್ಲಿ ಮಳೆ ಬಹುತೇಕ ಸೊನ್ನೆ ಎಂದೇ ಇತ್ತು. ಅದನ್ನು ನಂಬಿ ಕಾಕಾ ಔಷಧಿ ಸಿಂಪಡಣೆಯನ್ನು ಎರಡು ದಿನ ಮುಂದೂಡಿದರು, ಅಷ್ಟರಲ್ಲಿ ಡೌನಿ ರೋಗ ಎಲೆಗೆ ಹತ್ತಿತ್ತು. ಅದಕ್ಕಾಗಿಯೇ ಈ ಬಾರಿ ಇದನ್ನು ಸರಿಪಡಿಸಲೇಬೇಕೆಂದಿದ್ದೇನೆ.

ಇನ್ನೂ ಒಂದು ಸಂಗತಿ. ಮೂರು ಗಂಟೆಗೊಮ್ಮೆ ದಾಖಲೆ ಕಳುಹಿಸಲೆಂದು ನನ್ನ ಪ್ರೋಗ್ರಾಮಿನಲ್ಲಿ ಇಟ್ಟಿರುವ ಟೈಮರ್, ಮಲಗಿಸಲು ಆರಂಭಿಸಿದಂದಿನಿಂದ ಬಹಳ ತಡವಾಗಿ ಓಡುತ್ತಿದೆ. ಇವೆರಡಕ್ಕೂ ಸಂಬಂಧವಿದೆಯೇ?

ಉತ್ತರ 1 (ಬೆಳಗಾವಿ)

ನಿಮ್ಮ ಡಿವೈಸ್ ಟ್ರೀ ಸರಿಯಿದೆ, ಡ್ರೈವರ್ ಕೂಡ ಸರಿಯಿದೆ. ತಪ್ಪಿರುವುದು ಪಿನ್ನಿನ ಆಯ್ಕೆಯಲ್ಲಿ. ಅದು ಏಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಮ್ಮಲ್ಲಿ ಎಂಬೆಡೆಡ್ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರೂ ಇಲ್ಲಿಯೇ ಎಡವುವುದನ್ನು ನೋಡುತ್ತಾ ಬಂದಿದ್ದೇನೆ.

'ಮೆಮ್' ಎಂದು ಬರೆದ ಕೂಡಲೇ ಪ್ರೊಸೆಸರ್ ನಿಂತುಬಿಡುವುದಿಲ್ಲ. ಕರ್ನೆಲ್ ಮೊದಲು ಬಳಕೆದಾರರ ಪ್ರೋಗ್ರಾಮುಗಳನ್ನು, ನಂತರ ಹೆಪ್ಪುಗಟ್ಟಿಸಬಹುದಾದ ತನ್ನದೇ ಥ್ರೆಡ್‌ಗಳನ್ನು ಇದ್ದಲ್ಲಿಯೇ ನಿಲ್ಲಿಸುತ್ತದೆ. ಆಮೇಲೆ ಪ್ರತಿ ಡ್ರೈವರಿಗೂ ತನ್ನ ಸಾಧನವನ್ನು ಮಲಗಿಸುವಂತೆ ಹಂತಹಂತವಾಗಿ ಹೇಳುತ್ತದೆ. ಸೆನ್ಸರ್ ಮೊದಲು, ಆ ಸೆನ್ಸರ್ ಕೂತಿರುವ ಐ2ಸಿ ಬಸ್ (ಸೆನ್ಸರನ್ನು ಪ್ರೊಸೆಸರಿಗೆ ಜೋಡಿಸುವ ತಂತಿಗಳು) ಆಮೇಲೆ, ಹೀಗೆ ಮಕ್ಕಳು ಮಲಗಿದ ನಂತರವೇ ತಾಯಿ ಮಲಗುವ ಕ್ರಮ. 'ನೋ-ಐಆರ್‌ಕ್ಯೂ' ಎಂಬ ಹಂತಕ್ಕೆ ಬರುವಷ್ಟರಲ್ಲಿ ಸಾಮಾನ್ಯ ಇಂಟರಪ್ಟ್‌ಗಳ ಹ್ಯಾಂಡ್ಲರ್‌ಗಳನ್ನು (ಅವಕ್ಕೆ ಉತ್ತರಿಸುವ ಕೋಡನ್ನು) ತಡೆಹಿಡಿಯಲಾಗುತ್ತದೆ, ಎಬ್ಬಿಸಲು ಅನುಮತಿ ಪಡೆದ ಇಂಟರಪ್ಟ್‌ಗಳು ಮಾತ್ರ ಕಾವಲಿಗೆ ಉಳಿಯುತ್ತವೆ. ಬಹುಕೋರ್ ಚಿಪ್ ಆಗಿದ್ದರೆ ಮೊದಲ ಕೋರ್ ಬಿಟ್ಟು ಉಳಿದವನ್ನು ಆರಿಸಲಾಗುತ್ತದೆ. ಕೊನೆಯಲ್ಲಿ ಮುಖ್ಯ ಮೆಮೊರಿಯಾದ ಡಿಡಿಆರ್ ತನ್ನ ದತ್ತಾಂಶವನ್ನು ತಾನೇ ಕಾಯ್ದುಕೊಳ್ಳುವ ಸೆಲ್ಫ್-ರಿಫ್ರೆಶ್ ಸ್ಥಿತಿಗೆ ಹೋಗಬೇಕು. ಆ ಸ್ಥಿತಿಯಲ್ಲಿ ಡಿಡಿಆರ್‌ನಿಂದ ಒಂದು ಸೂಚನೆಯನ್ನೂ ಓದಲಾಗದ ಕಾರಣ, ಈ ಕಡೆಯ ಕೋಡ್ ಚಿಪ್ಪಿನೊಳಗಿನ ಸಣ್ಣ ಮೆಮೊರಿಯಾದ ಎಸ್‌ರ‍್ಯಾಮ್‌ನಿಂದ ಓಡುತ್ತದೆ. ಏಳುವಾಗ ಇದೆಲ್ಲವೂ ಹಿಮ್ಮುಖವಾಗಿ ನಡೆಯುತ್ತದೆ.

ಈಗ ನಿಮ್ಮ ಚಿಪ್ಪಿನ ವಿಷಯ. ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿರುವುದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಎಂ3358. ಅದರ ಮುಖ್ಯ ಪ್ರೊಸೆಸರ್ ಕಾರ್ಟೆಕ್ಸ್-ಎ8. ಅದು ಮಲಗಿದ ಮೇಲೆ ಕಾವಲು ಕಾಯುವುದಕ್ಕೆಂದೇ ಚಿಪ್ಪಿನೊಳಗೆ ಒಂದು ಪುಟ್ಟ ಕಾರ್ಟೆಕ್ಸ್-ಎಂ3 ಇದೆ, ಅದರ ಫರ್ಮ್‌ವೇರನ್ನು ಲಿನಕ್ಸ್ ಬೂಟ್ ಆಗುವಾಗ ತುಂಬುತ್ತದೆ. ಆಳವಾದ ನಿದ್ರೆಯಲ್ಲಿ ಎ8 ಇರುವ ಪವರ್ ಡೊಮೇನ್ (ಒಟ್ಟಿಗೆ ವಿದ್ಯುತ್ ಪಡೆಯುವ ಭಾಗ) ಮತ್ತು ಹೆಚ್ಚಿನ ಪೆರಿಫೆರಲ್‌ಗಳಿರುವ ಡೊಮೇನ್ ಎರಡೂ ಆರಿಹೋಗುತ್ತವೆ. ವೇಕಪ್ ಡೊಮೇನ್ ಒಂದೇ ಜೀವಂತವಾಗಿರುತ್ತದೆ. ಅದರಲ್ಲಿರುವುದು ಜಿಪಿಐಒ0 (ಪಿನ್‌ಗಳನ್ನು ಓದುವ ಬ್ಯಾಂಕ್‌ಗಳಲ್ಲಿ ಮೊದಲನೆಯದು), ಯುಎಆರ್‌ಟಿ0 (ಸೀರಿಯಲ್ ಪೋರ್ಟ್), ಐ2ಸಿ0, ಟೈಮರ್, ಟಚ್‌ಸ್ಕ್ರೀನ್-ಎಡಿಸಿಯಂಥ ಕೆಲವೇ ಘಟಕಗಳು. ಆರ್‌ಟಿಸಿಗೂ ಬೇರೆಯದೇ ವಿದ್ಯುತ್ ವ್ಯವಸ್ಥೆ ಇರುವುದರಿಂದ ನಿಮ್ಮ ಅಲಾರಂ ತಪ್ಪಿಲ್ಲ. ಆದರೆ ಪಿ9 ಸಾಲಿನ 12ನೇ ಪಿನ್ ಎಂದರೆ ಜಿಪಿಐಒ1ರ 28ನೇ ಗೆರೆ. ನೀವು ಮಲಗಿಸಿದಾಗ ಆ ಬ್ಯಾಂಕ್ ಪೂರ್ತಿ ಆರಿರುತ್ತದೆ. ರೀಡ್ ಸ್ವಿಚ್ ಎಷ್ಟು ಬಾರಿ ಕೂಡಿಕೊಂಡರೂ ಅದನ್ನು ಗಮನಿಸುವ ಸರ್ಕ್ಯೂಟಿಗೆ ಕರೆಂಟೇ ಇಲ್ಲ. ಡ್ರೈವರ್ ಕೇಳಿದ ಅನುಮತಿಯನ್ನು ಕರ್ನೆಲ್ ದಾಖಲಿಸಿಕೊಂಡಿತು, ಹಾರ್ಡ್‌ವೇರಿನಿಂದ ಅದು ಈಡೇರಲಿಲ್ಲ. ಇದರಲ್ಲಿ ದೋಷವೆಂದು ಕರ್ನೆಲ್ಲಿಗೆ ತೋರುವಂಥದ್ದು ಏನೂ ಇಲ್ಲವಾದ್ದರಿಂದ ಲಾಗ್ ಸ್ವಚ್ಛವಾಗಿದೆ.

ಪರಿಹಾರ ಒಂದು ಬೆರಳಿನಷ್ಟು ದೂರದಲ್ಲಿದೆ. ಪಕ್ಕದ 11ನೇ ಪಿನ್ ಜಿಪಿಐಒ0ರ 30ನೇ ಗೆರೆ. ತಂತಿಯನ್ನು ಅಲ್ಲಿಗೆ ಬದಲಿಸಿ, ಡಿವೈಸ್ ಟ್ರೀಯಲ್ಲಿ ಆ ಪಿನ್ನನ್ನು ಜಿಪಿಐಒ ಮೋಡಿಗೆ, ಅಂದರೆ ಮೋಡ್ 7ಕ್ಕೆ ಇಡಿ; ಅದೇ ಪಿನ್ ಯುಎಆರ್‌ಟಿ4ಕ್ಕೂ ಬಳಕೆಯಾಗುವುದರಿಂದ ಡಿವೈಸ್ ಟ್ರೀಗೆ ಸೇರಿಸಿದ ಬೇರೆ ಓವರ್‌ಲೇ ಅದನ್ನು ಹಿಡಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಎಬ್ಬಿಸಿದ್ದು ಯಾವ ಇಂಟರಪ್ಟ್ ಎಂಬುದನ್ನು ಪವರ್ ಫೋಲ್ಡರಿನ 'ಪಿಎಂ_ವೇಕಪ್_ಐಆರ್‌ಕ್ಯೂ' ಕಡತ ಹೇಳುತ್ತದೆ.

ಟೈಮರಿನ ಪ್ರಶ್ನೆಗೆ ಉತ್ತರ ಚಿಕ್ಕದು. ನೀವು ಬಳಸಿರುವುದು ಬಹುಶಃ ಕ್ಲಾಕ್_ಮೊನೊಟೋನಿಕ್. ಲಿನಕ್ಸ್‌ನಲ್ಲಿ ಆ ಗಡಿಯಾರ ನಿದ್ರೆಯ ಸಮಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2011ರ 2.6.39 ಆವೃತ್ತಿಯಲ್ಲಿ ಬಂದ ಕ್ಲಾಕ್_ಬೂಟ್‌ಟೈಮ್ ತೆಗೆದುಕೊಳ್ಳುತ್ತದೆ. ಅದನ್ನೇ ಬಳಸಿ.

ಉತ್ತರ 2 (ಬಾಗಲಕೋಟೆ)

ಬೆಳಗಾವಿಯವರು ಹೇಳಿದ್ದು ಪೂರ್ತಿ ಸರಿ. ಆದರೆ ತಂತಿ ಬದಲಿಸಿದ ಮೇಲೆ ನಿಮಗೆ ಇನ್ನೊಂದು ತೊಂದರೆ ಎದುರಾಗುವುದು ಖಂಡಿತ, ಅದು ಆಗೊಮ್ಮೆ ಈಗೊಮ್ಮೆ ಮಾತ್ರ ಕಾಣಿಸಿಕೊಳ್ಳುವುದರಿಂದ ಹೆಚ್ಚು ಕಾಡುತ್ತದೆ. ನಾನು ಇಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಆಪರೇಟಿಂಗ್ ಸಿಸ್ಟಂ ಪಾಠ ಮಾಡುತ್ತೇನೆ. ಈ ಒಂದು ಅಂಶವನ್ನು ಪ್ರತಿ ವರ್ಷ ಒಂದು ಇಡೀ ತರಗತಿಯಲ್ಲಿ ಬಿಡಿಸಿ ಹೇಳುತ್ತೇನೆ.

ನಿಮ್ಮ ಪ್ರೋಗ್ರಾಮ್ 'ಬಾಕಿ ಕೆಲಸವೇನೂ ಇಲ್ಲ, ಮಲಗೋಣ' ಎಂದು ತೀರ್ಮಾನಿಸುವುದಕ್ಕೂ, ಸ್ಟೇಟ್ ಕಡತಕ್ಕೆ ಬರೆಯುವುದಕ್ಕೂ ನಡುವೆ ಒಂದು ಸಣ್ಣ ಅವಧಿ ಇದೆ. ಬಟ್ಟಲು ಸರಿಯಾಗಿ ಆಗಲೇ ಮಗುಚಿತೆಂದುಕೊಳ್ಳಿ. ಇಂಟರಪ್ಟ್ ಬಂದು ಹೋಯಿತು, ಡ್ರೈವರ್ ಅದನ್ನು ಸರದಿಯಲ್ಲಿಟ್ಟಿತು, ಆದರೆ ಅದನ್ನು ಓದಬೇಕಾದ ನಿಮ್ಮ ಪ್ರೋಗ್ರಾಮ್ ಆಗಲೇ ಮಲಗಲು ಹೊರಟಿತ್ತು. ಆ ಸಂಕೇತ ಮುಂದಿನ ಅಲಾರಂವರೆಗೆ ಹಾಗೆಯೇ ಬಿದ್ದಿರುತ್ತದೆ. ಕರ್ನೆಲ್ ಮಲಗುವ ಹಾದಿಯಲ್ಲಿರುವಾಗ ಬಂದ ಎಬ್ಬಿಸುವ ಇಂಟರಪ್ಟನ್ನು ಅದು ಗಮನಿಸಿ, ಮಲಗುವುದನ್ನು ಅರ್ಧಕ್ಕೆ ಬಿಟ್ಟು ಮರಳುತ್ತದೆ. ಆದರೆ ನೀವು ಕರ್ನೆಲ್ಲಿಗೆ ಹೇಳುವ ಮೊದಲೇ ಬಂದದ್ದಕ್ಕೆ ಅದು ಹೊಣೆಯಲ್ಲ.

ಇದಕ್ಕಾಗಿಯೇ 2010ರಲ್ಲಿ, 2.6.36 ಆವೃತ್ತಿಯಲ್ಲಿ, 'ವೇಕಪ್_ಕೌಂಟ್' ಎಂಬ ಕಡತ ಸೇರಿತು. ಆಂಡ್ರಾಯ್ಡ್‌ನಲ್ಲಿ ಸಾಧನ ಮಲಗದಂತೆ ತಡೆಯುವ ವೇಕ್‌ಲಾಕ್‌ಗಳನ್ನು ಮುಖ್ಯ ಕರ್ನೆಲ್ಲಿಗೆ ಸೇರಿಸಬೇಕೇ ಬೇಡವೇ ಎಂದು ಆ ಸುಮಾರಿಗೆ ದೀರ್ಘ ಚರ್ಚೆ ನಡೆದಿತ್ತು. ಪವರ್ ಮ್ಯಾನೇಜ್‌ಮೆಂಟ್ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ರಫಾಯೆಲ್ ವೈಸೋಕಿ ಅವರು ಅದೇ ಸಮಸ್ಯೆಗೆ ಕೊಟ್ಟ ಉತ್ತರ ಇದು. ಬಳಸುವ ಕ್ರಮ ಹೀಗೆ: ಮೊದಲು ಆ ಕಡತದಲ್ಲಿರುವ ಸಂಖ್ಯೆಯನ್ನು ಓದಿ. ನಂತರ ಬಾಕಿ ಕೆಲಸವಿದೆಯೇ ಎಂದು ಪರೀಕ್ಷಿಸಿ. ಇಲ್ಲದಿದ್ದರೆ ಓದಿದ ಸಂಖ್ಯೆಯನ್ನೇ ಕಡತಕ್ಕೆ ಹಿಂದಿರುಗಿಸಿ ಬರೆಯಿರಿ. ನಡುವೆ ಯಾವುದಾದರೂ ಎಬ್ಬಿಸುವ ಘಟನೆ ನಡೆದಿದ್ದರೆ ಸಂಖ್ಯೆ ಬದಲಾಗಿರುತ್ತದೆ, ಬರವಣಿಗೆ ವಿಫಲವಾಗುತ್ತದೆ, ನೀವು ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಬರವಣಿಗೆ ಯಶಸ್ವಿಯಾದರೆ ಮಾತ್ರ 'ಮೆಮ್' ಎಂದು ಬರೆಯಿರಿ. ಅಲ್ಲಿಂದ ಮುಂದೆ ಬರುವ ಘಟನೆಗಳನ್ನು ಕರ್ನೆಲ್ ತಾನೇ ಕಾಯುತ್ತದೆ. ನೀವು ಬಳಸುತ್ತಿರುವ ಜಿಪಿಐಒ-ಕೀಸ್ ಡ್ರೈವರ್ ಈ ಘಟನೆಗಳನ್ನು ಲೆಕ್ಕಕ್ಕೆ ಸೇರಿಸುತ್ತದೆ. ಮುಂದೆ ನೀವೇ ಡ್ರೈವರ್ ಬರೆಯುವುದಾದರೆ ಆ ಕೆಲಸ ನಿಮ್ಮದು.

ಕ್ರಮವನ್ನು ಅದಲುಬದಲು ಮಾಡಬೇಡಿ. ಮೊದಲು ಕೆಲಸ ಪರೀಕ್ಷಿಸಿ ಆಮೇಲೆ ಸಂಖ್ಯೆ ಓದಿದರೆ ಆ ಬಿರುಕು ಮತ್ತೆ ತೆರೆದುಕೊಳ್ಳುತ್ತದೆ. ಪರೀಕ್ಷೆಯಲ್ಲಿ ಎರಡು ಸಾಲುಗಳ ಸ್ಥಾನ ಬದಲಿಸಿ ಬರೆದ ಉತ್ತರ ಪತ್ರಿಕೆಗಳನ್ನು ನಾನು ಬಹಳ ನೋಡಿದ್ದೇನೆ.

ಉತ್ತರ 3 (ವಿಜಯಪುರ)

ತಮ್ಮಾ, ಇಬ್ಬರೂ ಹೇಳಿದ್ದರಲ್ಲಿ ತಪ್ಪಿಲ್ಲ. ಆದರೂ ಬೇರೆಯೊಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ. ಗಂಟೆಗೆ 60 ಮಿ.ಮೀ. ವೇಗದಲ್ಲಿ ಮಳೆ ಸುರಿದರೆ ನಿನ್ನ ಬಟ್ಟಲು ಗಂಟೆಗೆ 300 ಬಾರಿ, ಅಂದರೆ 12 ಸೆಕೆಂಡಿಗೊಮ್ಮೆ ಮಗುಚುತ್ತದೆ. ಪ್ರತಿ ಬಾರಿಯೂ ಇಡೀ ಲಿನಕ್ಸನ್ನು ಎಬ್ಬಿಸಿ, ಎಲ್ಲ ಡ್ರೈವರ್‌ಗಳನ್ನು ಎಬ್ಬಿಸಿ, ಒಂದು ಸಂಖ್ಯೆಗೆ ಒಂದನ್ನು ಕೂಡಿಸಿ ಮತ್ತೆ ಎಲ್ಲರನ್ನೂ ಮಲಗಿಸುವುದು, ಅದೂ ಸೂರ್ಯನೇ ಕಾಣದ ಮಳೆಯ ದಿನ, ನನಗೆ ಸರಿಕಾಣುವುದಿಲ್ಲ.

ನಾನು ಬೋರ್‌ವೆಲ್ ಮೋಟಾರುಗಳಿಗೆ ಸ್ಟಾರ್ಟರ್ ಕಂಟ್ರೋಲರ್ ಮಾಡಿಕೊಡುತ್ತೇನೆ. ಅದರಲ್ಲಿ ಎಸ್‌ಟಿಎಂ32 ಎಲ್-ಸರಣಿಯ ಸಣ್ಣ ಮೈಕ್ರೋಕಂಟ್ರೋಲರ್ ಮೇಲೆ ಫ್ರೀಆರ್‌ಟಿಒಎಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂ ಓಡುತ್ತದೆ. ಆ ಚಿಪ್ಪಿನ ಎಲ್‌ಪಿಟೈಮರ್ (ಕಡಿಮೆ ವಿದ್ಯುತ್ತಿನ ಟೈಮರ್) ಒಳಗಿನ ಯಾವ ಕ್ಲಾಕೂ ಇಲ್ಲದೆ, ಪ್ರೊಸೆಸರ್ ಸ್ಟಾಪ್ ಮೋಡಿನಲ್ಲಿ ಮಲಗಿದ್ದಾಗಲೂ, ಹೊರಗಿನಿಂದ ಬರುವ ಸಂಕೇತಗಳನ್ನು ಎಣಿಸಬಲ್ಲದು. ರೀಡ್ ಸ್ವಿಚ್ಚಿನ ಅದುರು ಎಣಿಕೆಗೆ ಸೇರದಂತೆ ಹೊರಗೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಹಾಕಿದರಾಯಿತು. ಮಳೆಯನ್ನು ಅದು ಎಣಿಸಲಿ. ಐದು ಮಿ.ಮೀ. ದಾಟಿದಾಗ, ಅಂದರೆ 25ನೇ ಎಣಿಕೆಗೆ, ಅದು ನಿನ್ನ ಜಿಪಿಐಒ0 ಪಿನ್ನನ್ನು ತಟ್ಟಲಿ.

ಆ ದಾರಿ ಹಿಡಿಯುವುದಾದರೆ ಎರಡು ಮಾತು. ಫ್ರೀಆರ್‌ಟಿಒಎಸ್‌ನ ಟಿಕ್‌ಲೆಸ್ ಐಡಲ್ ವ್ಯವಸ್ಥೆ (ಕೆಲಸವಿಲ್ಲದಾಗ ಗಡಿಯಾರದ ನಿಯತ ಟಿಕ್ ನಿಲ್ಲಿಸಿ ಮಲಗುವುದು) ಮೂಲತಃ ಪ್ರೊಸೆಸರಿನ ಒಳಗಿನ ಸಿಸ್‌ಟಿಕ್ ಟೈಮರನ್ನು ನಂಬಿಕೊಂಡಿದೆ. ಅದು 24 ಬಿಟ್ಟಿನದು. 16 ಮೆಗಾಹರ್ಟ್ಸ್‌ನಲ್ಲಿ ಓಡಿದರೆ ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಕಾಲ ಮಾತ್ರ ಒಂದೇ ಹಿಡಿತದಲ್ಲಿ ಮಲಗಬಹುದು. ಸ್ಟಾಪ್ ಮೋಡಿನಲ್ಲಂತೂ ಸಿಸ್‌ಟಿಕ್ ನಿಂತೇ ಹೋಗುತ್ತದೆ. ಆದ್ದರಿಂದ ನಿದ್ರೆಯ ಅವಧಿಯನ್ನು 32.768 ಕಿಲೋಹರ್ಟ್ಸ್ ಹರಳಿನ ಮೇಲೆ ಓಡುವ ಆರ್‌ಟಿಸಿಯಿಂದ ಅಳೆದು, ಎದ್ದ ಮೇಲೆ ಕಳೆದುಹೋದ ಟಿಕ್‌ಗಳನ್ನು ಕೂಡಿಸುವ ಕೋಡನ್ನು ನೀನೇ ಬರೆಯಬೇಕು. ಎರಡನೆಯದಾಗಿ, ಸ್ಟಾಪ್‌ನಿಂದ ಎದ್ದಾಗ ಚಿಪ್ ತನ್ನ ಒಳಗಿನ ಆಸಿಲೇಟರಿನ ಮೇಲೆ ಓಡಲು ಆರಂಭಿಸುತ್ತದೆ, ಕ್ಲಾಕಿನ ವೇಗ ಹೆಚ್ಚಿಸುವ ಪಿಎಲ್‌ಎಲ್ ಆರಿರುತ್ತದೆ. ಅದನ್ನು ಮತ್ತೆ ಹಚ್ಚದೆ ಸೀರಿಯಲ್ ಪೋರ್ಟಿಗೆ ಬರೆದರೆ ಬಾಡ್ ದರ (ಕಳುಹಿಸುವ ವೇಗ) ತಪ್ಪಿ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ನಾನು ಇದನ್ನು ಕೇಬಲ್ಲಿನ ದೋಷವೆಂದು ತಿಳಿದು ಮೂರು ದಿನ ಕೇಬಲ್ ಬದಲಿಸಿದ್ದೇನೆ.

ಬಾಗಲಕೋಟೆಯ ಗುರುಗಳು ಹೇಳಿದ ಬಿರುಕು ಇಲ್ಲಿಯೂ ಇದೆ. ಈ ಚಿಪ್ಪಿನ ಕಾರ್ಟೆಕ್ಸ್-ಎಂ ಪ್ರೊಸೆಸರ್ ಅದಕ್ಕೆ ಹಾರ್ಡ್‌ವೇರಿನಲ್ಲಿಯೇ ದಾರಿ ಕೊಟ್ಟಿದೆ. ಪ್ರೈಮಾಸ್ಕ್ ಎಂಬ ರಿಜಿಸ್ಟರ್ ಮೂಲಕ ಇಂಟರಪ್ಟ್‌ಗಳನ್ನು ತಡೆಹಿಡಿದು, ಕೆಲಸ ಬಾಕಿ ಇಲ್ಲವೆಂದು ನೋಡಿ, ತಡೆಯನ್ನು ತೆಗೆಯದೆಯೇ ಡಬ್ಲ್ಯುಎಫ್‌ಐ (ಇಂಟರಪ್ಟ್ ಬರುವವರೆಗೆ ಮಲಗು ಎಂಬ) ಸೂಚನೆ ಕೊಡಬಹುದು. ಆಗ ಬಂದ ಇಂಟರಪ್ಟಿನ ಹ್ಯಾಂಡ್ಲರ್ ಓಡುವುದಿಲ್ಲ, ಆದರೆ ಪ್ರೊಸೆಸರ್ ಏಳುತ್ತದೆ; ತಡೆ ತೆಗೆದ ಮೇಲೆ ಹ್ಯಾಂಡ್ಲರ್ ಓಡುತ್ತದೆ. ಇದು ನನಗೆ ಬಹಳ ಮೆಚ್ಚುಗೆಯಾದ ಏರ್ಪಾಡು.

ಉತ್ತರ 1ರ ಬರಹಗಾರರಿಂದ

ಮಳೆಯ ರಭಸದ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಇನ್ನೊಂದು ಚಿಪ್ ಎಂದರೆ ಇನ್ನೊಂದು ಫರ್ಮ್‌ವೇರ್, ಕೆಟ್ಟಾಗ ತೋಟದಲ್ಲಿ ನಿಂತು ಹುಡುಕಬೇಕಾದ ಇನ್ನೊಂದು ಜಾಗ. ವಿಜಯಪುರದ ಕಡೆ ಅಂಥ ಮಳೆಯ ಗಂಟೆಗಳು ವರ್ಷಕ್ಕೆ ಕೆಲವೇ. ಮೊದಲು ತಂತಿ ಬದಲಿಸಿ ನೋಡುವುದು ಒಳ್ಳೆಯದು. ಮಳೆ ಆರಂಭವಾದ ಮೇಲೆ ಅರ್ಧ ಗಂಟೆ ಮಲಗದೆ ಎಚ್ಚರವಿರುವಂತೆ ಪ್ರೋಗ್ರಾಮ್ ಬರೆದರೂ ಪದೇಪದೇ ಎದ್ದು ಮಲಗುವುದು ತಪ್ಪುತ್ತದೆ. ಅದಕ್ಕೆ ಬ್ಯಾಟರಿ ತಾಳುತ್ತದೆಯೇ ಎಂಬುದನ್ನು ಅಳೆದೇ ತಿಳಿಯಬೇಕು.

ಪ್ರಶ್ನೆ ಕೇಳಿದವರಿಂದ (ತಿಕೋಟಾ)

ಎಲ್ಲ ಹಿರಿಯರಿಗೂ ಕೃತಜ್ಞತೆಗಳು. ಭಾನುವಾರ ತೋಟಕ್ಕೆ ಹೋಗಿ ತಂತಿಯನ್ನು 11ನೇ ಪಿನ್ನಿಗೆ ಬದಲಿಸಿದೆ. ಬೋರ್ಡ್ ಮಲಗಿದ ಮೇಲೆ ಕಾಕಾ ತಂಬಿಗೆಯಿಂದ ನಿಧಾನವಾಗಿ ನೀರು ಹನಿಸಿದರು. ಬಟ್ಟಲು ಮಗುಚಿದ ಕೂಡಲೇ ಎಲ್‌ಇಡಿ ಹತ್ತಿತು, ಪಿಎಂ_ವೇಕಪ್_ಐಆರ್‌ಕ್ಯೂ ಕಡತದಲ್ಲಿ ಮಳೆಮಾಪಕದ ಸಾಲಿನ ಸಂಖ್ಯೆಯೇ ಇತ್ತು.

ವೇಕಪ್_ಕೌಂಟ್ ಕ್ರಮವನ್ನು ಮೊದಲ ಸಲ ನಾನು ಗುರುಗಳು ಬೇಡವೆಂದ ರೀತಿಯಲ್ಲಿಯೇ, ಕೆಲಸ ಪರೀಕ್ಷಿಸಿದ ಮೇಲೆ ಸಂಖ್ಯೆ ಓದುವಂತೆ ಬರೆದಿದ್ದೆ. ನೀರು ಹನಿಸಿ ಎಣಿಸಿದಾಗ 50 ಮಗುಚುವಿಕೆಗಳಲ್ಲಿ ಒಂದು ಆ ಹೊತ್ತಿನ ದಾಖಲೆಗೆ ಸೇರದೆ ಮುಂದಿನ ಅಲಾರಂ ನಂತರ ಕಾಣಿಸಿಕೊಂಡಿತು. ಸರಿಪಡಿಸಿದ ಮೇಲೆ ಮತ್ತೆ ಮೂರು ಬಾರಿ 50ರಂತೆ ಎಣಿಸಿದೆವು, ಪ್ರತಿಯೊಂದೂ ಅದರದರ ಹೊತ್ತಿಗೆ ದಾಖಲಾಗಿದೆ. ಟೈಮರನ್ನು ಕ್ಲಾಕ್_ಬೂಟ್‌ಟೈಮ್‌ಗೆ ಬದಲಿಸಿದ್ದೇನೆ, ಮೂರು ಗಂಟೆಯ ದಾಖಲೆ ಈಗ ಮೂರು ಗಂಟೆಗೇ ಹೋಗುತ್ತಿದೆ.

ಅರ್ಧ ಗಂಟೆ ಎಚ್ಚರವಿರುವ ಉಪಾಯವನ್ನು ಈ ಚಾಟ್ನಿಯವರೆಗೆ ಓಡಿಸಿ ಬ್ಯಾಟರಿಯ ವೋಲ್ಟೇಜ್ ಬರೆದಿಡುತ್ತೇನೆ. ಅದು ಸಾಲದಿದ್ದರೆ, ವಿಜಯಪುರದ ಅಣ್ಣನವರೇ, ನಿಮ್ಮ ಕಂಟ್ರೋಲರ್ ಬೋರ್ಡನ್ನು ಒಮ್ಮೆ ನೋಡಲು ಬರಬಹುದೇ?