ಮಗಳ ಕಾರಿಗೆ ಹಿಮದ ಟಯರ್: ಎರಡು ಸಾಕಾ, ನಾಲ್ಕೂ ಬೇಕಾ?

ರೀಸೋಲ್ ಮಾಮ, ಉಡುಪಿ

ಎಲ್ಲರಿಗೂ ನಮಸ್ಕಾರ. ನಾನು 31 ವರ್ಷ ಟಯರ್ ಕೆಲಸವೇ ಮಾಡಿದವನು. ಮೊದಲು ರೀಸೋಲ್, ಅಂದರೆ ಸವೆದ ಟಯರಿಗೆ ಹೊಸ ರಬ್ಬರ್ ಕೂರಿಸುವ ಕೆಲಸ, ಆಮೇಲೆ ಸ್ವಂತ ಅಂಗಡಿ, ಈಗ ಎರಡು ವರ್ಷದಿಂದ ಮನೆಯಲ್ಲಿ. ಬಸ್ಸಿನ ಟಯರ್ ಮೇಲೆ ಕೈ ಆಡಿಸಿದರೆ ಸಾಕು, ಅಲೈನ್‌ಮೆಂಟ್ ಎತ್ತ ತಪ್ಪಿದೆ ಎಂದು ಈಗಲೂ ಹೇಳುತ್ತೇನೆ. ಆದರೆ ಹಿಮ ನೋಡಿದವನಲ್ಲ. ನೋಡಿದ್ದು ಫ್ರಿಜ್ಜಿನ ಒಳಗೆ ಮಾತ್ರ.

ಮಗಳು ಆಗಸ್ಟಿನಲ್ಲಿ ಕೆಲಸಕ್ಕೆಂದು ಕೆನಡಾದ ಮಾಂಟ್ರಿಯಲ್‌ಗೆ ಹೋದಳು. ಹೋದ ತಿಂಗಳು ಒಂದು ಸೆಕೆಂಡ್ ಹ್ಯಾಂಡ್ ಹೋಂಡಾ ಸಿವಿಕ್ ತೆಗೆದಳು, 2018ರದ್ದು. ಮೊನ್ನೆ ಫೋನ್ ಮಾಡಿ, "ಅಪ್ಪಾ, ಇಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ಹಿಮದ ಟಯರ್ ಹಾಕಲೇಬೇಕಂತೆ. ಕಾನೂನೇ ಉಂಟಂತೆ. ಯಾವುದು ತೆಗೆಯಲಿ?" ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಅವಳು ನನ್ನ ಹತ್ತಿರ ಟಯರ್ ಬಗ್ಗೆ ಕೇಳಿದ್ದು ಇದೇ ಮೊದಲು. ಚಿಕ್ಕವಳಿರುವಾಗ ಅಂಗಡಿಗೆ ಬಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಈಗ ಕೇಳಿದ್ದಾಳೆ, ನನಗೆ ಉತ್ತರ ಗೊತ್ತಿಲ್ಲ! "ನಾಳೆ ಹೇಳುತ್ತೇನೆ" ಎಂದು ಫೋನ್ ಇಟ್ಟೆ.

ಈಗ ಗಾಡಿಯಲ್ಲಿರುವುದು 17 ಇಂಚಿನ ಅಲಾಯ್ (ಮಿಶ್ರಲೋಹದ ಚಕ್ರ), ಟಯರ್ 215/50 ಆರ್17, ಅಂದರೆ ಅಗಲ 215 ಮಿಲಿಮೀಟರ್, ಪಕ್ಕದ ಎತ್ತರ ಅಗಲದ ಶೇ. 50, ಚಕ್ರ 17 ಇಂಚು. ಫೋಟೋ ಕಳಿಸಿದ್ದಾಳೆ. ಗ್ರೂವ್ (ಟಯರಿನ ಮೇಲಿನ ಗೀರು) ಆಳ 6 ಮಿಲಿಮೀಟರ್ ಇರಬಹುದು, ಪಕ್ಕದಲ್ಲಿ ಎಂ+ಎಸ್ ಎಂದು ಬರೆದಿದೆ. ಎಂ ಎಂದರೆ ಕೆಸರು, ಎಸ್ ಎಂದರೆ ಹಿಮ ಅಲ್ವಾ? ಅದೇ ಸಾಕಾಗುವುದಿಲ್ಲವಾ? ಅಲ್ಲಿನ ಅಂಗಡಿಯವರು ನಾಲ್ಕು ಟಯರ್, ನಾಲ್ಕು ಬೇರೆ ಡಿಸ್ಕ್ (ಟಯರ್ ಕೂರುವ ಲೋಹದ ಚಕ್ರ) ಸೇರಿ 1,300 ಡಾಲರ್ ಹೇಳಿದ್ದಾರೆ. ಅವಳಿಗೆ ಅದು ಜಾಸ್ತಿ. ಸಿವಿಕ್ ಫ್ರಂಟ್ ವೀಲ್ ಡ್ರೈವ್. ಎಳೆಯುವುದು ಮುಂದಿನ ಚಕ್ರ ತಾನೇ, ಎರಡೇ ಹಾಕಿದರೆ ಸಾಲದಾ ಎಂದು ನನಗೂ ಅನಿಸಿತು. ಯಾರೋ ಒಬ್ಬರು 16 ಇಂಚಿನ ಹಳೆಯ ಸೆಟ್ ಅರ್ಧ ರೇಟಿಗೆ ಕೊಡುತ್ತಾರಂತೆ. ಹಿಮದಲ್ಲಿ ಗಾಡಿ ಓಡಿಸಿದವರು ಯಾರಾದರೂ ಇದ್ದರೆ ಹೇಳಿ.

ಮಲ್ಪೆ ಬಂದರು

ಮಾಮ, ನಮಗೆ ಐಸ್ ಎಂದರೆ ಬಂಗುಡೆ ಪೆಟ್ಟಿಗೆಗೆ ಹಾಕುವುದು ಮಾತ್ರ ಗೊತ್ತು. ಆದರೆ ಜಾರುವುದು ಚೆನ್ನಾಗಿ ಗೊತ್ತು. ಮೀನಿನ ಲಾರಿಯಿಂದ ನೀರು ಸುರಿದ ರಸ್ತೆಯಲ್ಲಿ ನಾನು ಬೈಕ್ ಸಮೇತ ಎರಡು ಸಲ ಬಿದ್ದಿದ್ದೇನೆ. ಸಲಹೆ ಏನೂ ಇಲ್ಲ, ಉತ್ತರ ಓದಲು ಕೂತಿದ್ದೇನೆ.

ಏಳು ಚಳಿಗಾಲ, ಬಿಜೈ, ಮಂಗಳೂರು

ಮಾಮ, ನಾನೂ ನನ್ನ ಗಂಡನೂ ಏಳು ಚಳಿಗಾಲ ಮಾಂಟ್ರಿಯಲ್‌ನಲ್ಲೇ ಕಳೆದು ಬಂದವರು. ಮಗಳು ಅಕ್ಟೋಬರಿನಲ್ಲೇ ಕೇಳಿದ್ದು ಒಳ್ಳೆಯದಾಯಿತು. ಮೊದಲ ಹಿಮ ಬಿದ್ದ ದಿನ ಇಡೀ ಊರೇ ಟಯರ್ ಅಂಗಡಿಗೆ ಫೋನ್ ಮಾಡುತ್ತದೆ. ಆಗ ಬೇಕಾದ ಸೈಜೂ ಇಲ್ಲ, ಅಪಾಯಿಂಟ್‌ಮೆಂಟೂ ಇಲ್ಲ.

ನೀವು ಗ್ರೂವ್ ನೋಡಿದಿರಿ. ಅದಕ್ಕಿಂತ ಮೊದಲು ನೋಡಬೇಕಾದ್ದು ರಬ್ಬರ್. ಒಂದು ಕೆಲಸ ಮಾಡಿ. ಅಡುಗೆಮನೆಯಿಂದ ತೆಂಗಿನೆಣ್ಣೆ ಬಾಟಲಿ, ಎಳ್ಳೆಣ್ಣೆ ಬಾಟಲಿ ಎರಡನ್ನೂ ತೆಗೆದು ಫ್ರಿಜ್ಜಿನಲ್ಲಿಡಿ. ಊಟ ಮಾಡಿ ಬಂದು ನೋಡಿ. ತೆಂಗಿನೆಣ್ಣೆಗೆ ಚಮಚ ಹಾಕಿದರೆ ಟಕ್ ಎನ್ನುತ್ತದೆ. ಎಳ್ಳೆಣ್ಣೆ ಬಗ್ಗಿಸಿದರೆ ಇನ್ನೂ ಹರಿಯುತ್ತದೆ. ನಮ್ಮ ಊರಿನ ಟಯರ್ ತೆಂಗಿನೆಣ್ಣೆ ಜಾತಿ. 7 ಡಿಗ್ರಿಗಿಂತ ಕೆಳಗೆ ಹೋದ ಹಾಗೆ ಬಿಗಿಯಾಗುತ್ತಾ ಬರುತ್ತದೆ, ರಸ್ತೆಗೆ ಅಂಟುವುದೇ ಇಲ್ಲ. ಹಿಮದ ಟಯರಿನ ರಬ್ಬರನ್ನು ಚಳಿಯಲ್ಲೂ ಮೆತ್ತಗೆ ಉಳಿಯುವ ಹಾಗೆ ಬೆರೆಸಿರುತ್ತಾರೆ. ಹಾಗಾಗಿ ಹಿಮವೇ ಬೀಳದ ಒಣ ರಸ್ತೆಯಲ್ಲೂ, ಮೈನಸ್ 10 ಇದ್ದರೆ ಅದೇ ಬೇಗ ನಿಲ್ಲುವುದು. ಬೇಸಿಗೆಯಲ್ಲಿ ಮಾತ್ರ ಅದನ್ನೇ ಹಾಕಿಕೊಂಡು ಓಡಿಸಬಾರದು. ಪೆನ್ಸಿಲಿನ ರಬ್ಬರ್ ಹಾಗೆ ಸವೆದುಹೋಗುತ್ತದೆ.

ಎಂ+ಎಸ್ ನೋಡಿ ಮೋಸ ಹೋಗಬೇಡಿ. ಅದು ಗ್ರೂವ್‌ಗಳ ಆಕಾರ ನೋಡಿ ಕಂಪೆನಿಯವರೇ ಹಾಕಿಕೊಳ್ಳುವ ಗುರುತು. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಅದು ನಡೆಯುವುದಿಲ್ಲ. ಮೂರು ಶಿಖರದ ಬೆಟ್ಟ, ಅದರ ಒಳಗೆ ಹಿಮದ ಹರಳು, ಈ ಚಿತ್ರ ಟಯರಿನ ಪಕ್ಕದಲ್ಲಿ ಇರಬೇಕು. ಹಿಮದ ಮೇಲೆ ಓಡಿಸಿ ಪರೀಕ್ಷೆ ಮಾಡಿದ ಟಯರಿಗೆ ಮಾತ್ರ ಆ ಚಿತ್ರ.

ಡಿಸ್ಕ್ ಬೇರೆಯೇ ಇರಲಿ. ವರ್ಷಕ್ಕೆ ಎರಡು ಸಲ ಅದೇ ಅಲಾಯ್‌ನಿಂದ ಟಯರ್ ಕಳಚಿ ಹಾಕಿದರೆ ಬೀಡ್, ಅಂದರೆ ಚಕ್ರಕ್ಕೆ ಕೂರುವ ಟಯರಿನ ಅಂಚು, ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕೂಲಿಯೂ ದಂಡ. ಮತ್ತೆ ಅಲ್ಲಿ ಐಸ್ ಕರಗಲಿ ಎಂದು ರಸ್ತೆಗೆ ಉಪ್ಪು ಎರಚುತ್ತಾರೆ. ಕಡಲ ಬದಿಯ ಮನೆಗಳ ಕಿಟಕಿ ಸರಳು ನೋಡಿದ್ದೀರಲ್ಲ? ನಮ್ಮ ಅಲಾಯ್ ಎರಡೇ ಚಳಿಗಾಲದಲ್ಲಿ ಹಾಗಾಯಿತು. ಕಪ್ಪು ಬಣ್ಣದ ಸಾದಾ ಸ್ಟೀಲ್ ಡಿಸ್ಕ್ ಸಾಕು. ತುಕ್ಕು ಹಿಡಿದರೂ ಬೇಜಾರಿಲ್ಲ.

ರೀಸೋಲ್ ಮಾಮ, ಉಡುಪಿ

ತಂಗೀ, ಎಣ್ಣೆ ಬಾಟಲಿ ಇಟ್ಟು ನೋಡಿದೆ. ಹೆಂಡತಿ ಬೈದಳು, ಆದರೆ ಮಾತು ತಲೆಗೆ ಹೋಯಿತು. ರೀಸೋಲ್‌ನಲ್ಲೂ ನಾವು ಅದೇ ಹೇಳುತ್ತಿದ್ದೆವು. ಅಚ್ಚು ಯಾವುದೂ ಹಾಕಬಹುದು, ರಬ್ಬರ್ ಕಳಪೆಯಾದರೆ ಘಾಟಿ ಹತ್ತುವುದರೊಳಗೆ ಗೊತ್ತಾಗುತ್ತದೆ. ನನ್ನ ಕಸುಬಿನ ಪಾಠವನ್ನು ನಾನೇ ಮರೆತು ಗ್ರೂವ್ ಅಳೆಯುತ್ತಾ ಕೂತೆ.

ಆದರೆ ಎರಡು, ನಾಲ್ಕರ ಲೆಕ್ಕ ಇನ್ನೂ ಸರಿಯಾಗಲಿಲ್ಲ. ಬಸ್ಸಿಗೆ ಮುಂದೆ ರಿಬ್ (ಉದ್ದ ಗೆರೆಯ ಅಚ್ಚು), ಹಿಂದೆ ಲಗ್ (ಅಡ್ಡ ಕಟ್ಟೆಯ ಅಚ್ಚು) ಹಾಕುತ್ತೇವೆ. ಮುಂದಿನದು ತಿರುಗಲಿಕ್ಕೆ, ಹಿಂದಿನದು ಎಳೆಯಲಿಕ್ಕೆ. ಬೇರೆ ಬೇರೆ ಹಾಕಿದರೂ ಆಗುಂಬೆಯಲ್ಲಿ ಮಳೆಗಾಲ ಪೂರ್ತಿ ಓಡುತ್ತವೆ. ಕಾರಿಗೆ ಯಾಕೆ ಆಗಬಾರದು? ಇನ್ನೊಂದು, ಪಡುಕೆರೆ ಹೊಯ್ಗೆಯಲ್ಲಿ ಜೀಪು ಹೂತರೆ ನಾವು ಗಾಳಿ ಇಳಿಸುತ್ತೇವೆ. ಹಿಮಕ್ಕೂ ಹಾಗೇ 20 ಪಿಎಸ್‌ಐಗೆ (ಗಾಳಿಯ ಒತ್ತಡದ ಅಳತೆ) ಇಳಿಸಿ ಓಡಿಸು ಎನ್ನಲಾ?

ಏಳು ಚಳಿಗಾಲ, ಬಿಜೈ, ಮಂಗಳೂರು

ಅಯ್ಯೋ ಮಾಮ, ಗಾಳಿ ಇಳಿಸಲು ಹೇಳಬೇಡಿ. ಅಲ್ಲಿ ತಾನಾಗಿಯೇ ಇಳಿಯುತ್ತದೆ. ಸುಮಾರು 5 ಡಿಗ್ರಿ ಚಳಿ ಜಾಸ್ತಿಯಾದರೆ 1 ಪಿಎಸ್‌ಐ ಕಡಿಮೆ. ಅಕ್ಟೋಬರಿನ 15 ಡಿಗ್ರಿಯಲ್ಲಿ ತುಂಬಿಸಿದ್ದು ಜನವರಿಯ ಮೈನಸ್ 15ಕ್ಕೆ 5, 6 ಪಿಎಸ್‌ಐ ಹೋಗಿರುತ್ತದೆ. ಡ್ರೈವರ್ ಬಾಗಿಲಿನ ಸ್ಟಿಕ್ಕರಿನಲ್ಲಿ ಇದ್ದಷ್ಟು ಇರಬೇಕು. ಗಾಡಿ ತಣ್ಣಗಿರುವಾಗ ತಿಂಗಳಿಗೆ ಒಮ್ಮೆಯಾದರೂ ನೋಡಲಿ.

ಈಗ ಎರಡು ಟಯರ್ ಕಥೆ. ಮೊದಲನೆಯದಾಗಿ ಅಲ್ಲಿ ಎರಡೇ ಹಾಕಿದರೆ ಕಾನೂನಿಗೆ ಆಗುವುದಿಲ್ಲ. ಅದನ್ನು ಬಿಡಿ. ನಮ್ಮ ಮಹಡಿಯಲ್ಲೇ ಒಬ್ಬ ಹುಡುಗನಿದ್ದ, ಬೇರೆ ಪ್ರಾಂತ್ಯದಿಂದ ಆಗಷ್ಟೇ ಗಾಡಿ ತಂದಿದ್ದ, ಮುಂದೆ ಮಾತ್ರ ಹಿಮದ ಟಯರ್. ಅಂಗಡಿಗೆ ಹೋಗೋಣ ಎಂದು ಅವನ ಗಾಡಿಯಲ್ಲಿ ಹೊರಟೆವು. ಹೊರಡುವಾಗ ಚೆನ್ನಾಗಿ ಎಳೆಯಿತು, ಅವನಿಗೂ ಖುಷಿ. ಇಳಿಜಾರಿನಲ್ಲಿ ಎಡಕ್ಕೆ ತಿರುಗುವಾಗ ಸ್ವಲ್ಪ ಬ್ರೇಕ್ ಒತ್ತಿದ. ಮುಂದಿನ ಚಕ್ರ ಹಿಡಿದುಕೊಂಡಿತು. ಹಿಂದಿನದು ಹಿಡಿಯಲಿಲ್ಲ. ಗಾಡಿಯ ಹಿಂಭಾಗ ಬಾಗಿಲು ತೆರೆದ ಹಾಗೆ ಮೆತ್ತಗೆ ಬಲಕ್ಕೆ ಬಂತು. ಶಬ್ದವೇ ಇಲ್ಲ. ನಾನು ಕಿಟಕಿಯಲ್ಲಿ ನಾವು ಬಂದ ದಾರಿಯನ್ನೇ ನೋಡುತ್ತಿದ್ದೇನೆ! ಹಿಮದ ರಾಶಿಗೆ ಹೋಗಿ ಕೂತೆವು, ಪುಣ್ಯಕ್ಕೆ ಎದುರಿಂದ ಯಾರೂ ಬರಲಿಲ್ಲ. ನಾಲ್ಕೂ ಕೆಟ್ಟ ಟಯರ್ ಇದ್ದಿದ್ದರೆ ಗಾಡಿ ನೇರ ಜಾರುತ್ತಿತ್ತು. ಎರಡು ಒಳ್ಳೆಯದು, ಎರಡು ಕೆಟ್ಟದ್ದು ಎಂದಾಗ ತಿರುಗಿಸಿ ಎಸೆಯಿತು.

ನಿಮ್ಮ ಬಸ್ಸಿನಲ್ಲಿ ಅಚ್ಚು ಬೇರೆ, ರಬ್ಬರಿನ ಹಿಡಿತ ಹೆಚ್ಚುಕಡಿಮೆ ಒಂದೇ. ಅದಕ್ಕೇ ನಡೆಯುತ್ತದೆ.

ಆಟಿ ತಿಂಗಳ ಅಂಗಳ ನೆನಪು ಮಾಡಿಕೊಳ್ಳಿ. ಮುರಕಲ್ಲಿನ ಮೇಲೆ ಹಾವಸೆ, ಅದರ ಮೇಲೆ ಮಳೆ. ಒಂದು ಕಾಲಿಗೆ ಒಳ್ಳೆಯ ಚಪ್ಪಲಿ, ಇನ್ನೊಂದಕ್ಕೆ ಸವೆದ ಹವಾಯಿ ಹಾಕಿ ಕೊಟ್ಟಿಗೆಗೆ ಹೋಗುತ್ತೀರಾ?

ಸುರತ್ಕಲ್ ಸ್ಲೈಡ್‌ರೂಲ್

16 ಇಂಚಿಗೆ ಇಳಿಯುವುದು ಒಳ್ಳೆಯದೇ. 215/50 ಆರ್17ರ ಒಟ್ಟು ಎತ್ತರ ಸುಮಾರು 647 ಮಿ.ಮೀ. 215/55 ಆರ್16ರದ್ದು 643. ವ್ಯತ್ಯಾಸ ಬರೀ 4 ಮಿ.ಮೀ., ಸ್ಪೀಡೋಮೀಟರಿಗೆ ಗೊತ್ತೂ ಆಗುವುದಿಲ್ಲ. ಅದೇ ಸಿವಿಕ್‌ನ ಕಡಿಮೆ ದರದ ಮಾಡೆಲಿಗೆ ಕಂಪೆನಿಯೇ ಕೊಟ್ಟ ಸೈಜ್ ಅದು, ಹಾಗಾಗಿ ಚಕ್ರದ ಒಳಗಿರುವ ಬ್ರೇಕ್ ಕ್ಯಾಲಿಪರಿಗೆ (ಬ್ರೇಕ್ ಹಿಡಿಯುವ ಭಾಗ) ತಾಗುವ ಹೆದರಿಕೆ ಇಲ್ಲ. ಸೈಡ್‌ವಾಲ್ (ಟಯರಿನ ಪಕ್ಕ) ಎತ್ತರ ಇದ್ದರೆ ಹಿಮದಡಿ ಕಾಣದ ಗುಂಡಿಗೆ ಡಿಸ್ಕ್ ಬಾಗುವುದೂ ಕಡಿಮೆ. ಚಿಕ್ಕ ಸೈಜಿನ ಟಯರ್ ಅಗ್ಗವೂ ಹೌದು. ಅಗಲ ಹೆಚ್ಚಿಸಲು ಮಾತ್ರ ಹೋಗಬೇಡಿ. ಅಗಲದ ಟಯರ್ ಹಿಮದ ಮೇಲೆ ತೇಲುತ್ತದೆ, ಕಿರಿದಾದದ್ದು ಸೀಳಿಕೊಂಡು ನೆಲ ಮುಟ್ಟುತ್ತದೆ.

ಡಿಸ್ಕಿನ ಅಳತೆ: ಐದು ನಟ್, 114.3 ಮಿ.ಮೀ. ಪಿಸಿಡಿ (ನಟ್‌ಗಳು ಕೂರುವ ವೃತ್ತದ ವ್ಯಾಸ), ನಡುವಿನ ತೂತು 64.1 ಮಿ.ಮೀ. ಆ ಸಿವಿಕ್‌ನಲ್ಲಿ ಗಾಳಿ ಕಡಿಮೆಯಾದದ್ದು ಗೊತ್ತಾಗುವುದು ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ಬ್ರೇಕ್ ವ್ಯವಸ್ಥೆ) ಸೆನ್ಸರಿನಿಂದ, ಡಿಸ್ಕ್ ಒಳಗೆ ಏನೂ ಬೇಡ. ಚಕ್ರ ಬದಲಿಸಿದ ಮೇಲೆ ಒಮ್ಮೆ ರೀಸೆಟ್ ಮಾಡಿದರೆ ಆಯಿತು.

ಮಾಮನಿಗೆ ಇಷ್ಟವಾಗುವ ಎರಡು ಸಂಗತಿ. ಫಿನ್‌ಲ್ಯಾಂಡಿನ ನೋಕಿಯನ್ ಕಂಪೆನಿ 1934ರಲ್ಲೇ ಹಿಮದ ಟಯರ್ ಮಾಡಿತ್ತು, ಅದೂ ಲಾರಿಗೆ. ಕಾರಿಗೆ ಬಂದದ್ದು ಆಮೇಲೆ. ಮತ್ತೆ ಯುರೋಪಿನಲ್ಲಿ ಹೆಸರು ಮಾಡಿದ ವ್ರೆಡೆಸ್ಟೈನ್ ಇದೆಯಲ್ಲ, ಅದನ್ನು 2009ರಲ್ಲಿ ನಮ್ಮ ಅಪೊಲೊದವರು ಕೊಂಡರು. ಅವರದ್ದೂ ಹಿಮದ ಟಯರ್ ಉಂಟು.

ಮಲ್ಪೆ ಬಂದರು

ಮುಳ್ಳಿನ ಟಯರ್ ಎಂದು ವಿಡಿಯೋದಲ್ಲಿ ನೋಡಿದ್ದೆ, ಮೊಳೆ ಹೊಡೆದದ್ದು. ಅದು ಒಳ್ಳೆಯದಲ್ವಾ?

ಏಳು ಚಳಿಗಾಲ, ಬಿಜೈ, ಮಂಗಳೂರು

ಬರೀ ಗಾಜಿನಂಥ ಐಸ್ ಇರುವ ಹಳ್ಳಿ ರಸ್ತೆಗೆ ಒಳ್ಳೆಯದು. ಮಾಂಟ್ರಿಯಲ್ ಪೇಟೆಯಲ್ಲಿ ಹಿಮ ತೆಗೆಯುತ್ತಲೇ ಇರುತ್ತಾರೆ. ಖಾಲಿ ರಸ್ತೆಯಲ್ಲಿ ಅದು ಗಿರಣಿ ಹಾಗೆ ಕರಕರ ಎನ್ನುತ್ತದೆ. ಬೇಡ.

ಮಾಮನಿಗೆ ಒಂದು ಹೇಳಲು ಮರೆತೆ. ಹೊಸ ಟಯರ್ ಬಂದಾಗ ಅಚ್ಚಿನ ಬ್ಲಾಕಿನ ಮೇಲೆ ಬ್ಲೇಡಿನಲ್ಲಿ ಗೀರಿದ ಹಾಗೆ ನೂರಾರು ಸಣ್ಣ ಸೀಳು ಕಾಣುತ್ತವೆ. ಡಿಫೆಕ್ಟ್ ಎಂದು ವಾಪಸ್ ಕಳಿಸಬೇಡಿ! ನಮ್ಮ ಮಳೆಯ ಟಯರ್ ನೀರನ್ನು ಹೊರಗೆ ದೂಡಬೇಕು. ಹಿಮದ ಟಯರ್ ಆ ಸೀಳುಗಳಲ್ಲಿ ಹಿಮವನ್ನು ಹಿಡಿದಿಟ್ಟುಕೊಳ್ಳಬೇಕು. ಹಿಮ ಅಂಟುವುದು ಹಿಮಕ್ಕೇ. ಅದಕ್ಕೇ ಮಕ್ಕಳು ಉಂಡೆ ಕಟ್ಟಿದರೆ ನಿಲ್ಲುವುದು.

ರೀಸೋಲ್ ಮಾಮ, ಉಡುಪಿ

ಹತ್ತು ದಿನ ಆಯಿತು. ಎಲ್ಲರಿಗೂ ವರದಿ ಒಪ್ಪಿಸಬೇಕಲ್ಲ.

ಮೊದಲು ಆ ಹಳೆಯ ಸೆಟ್ ನೋಡಲು ಮಗಳು ಹೋದಳು. ವಿಡಿಯೋ ಕಾಲ್ ಮಾಡಿ ಟಯರಿನ ಪಕ್ಕ ತೋರಿಸಿದಳು. ಬೆಟ್ಟ ಇತ್ತು, ಹಿಮದ ಹರಳೂ ಇತ್ತು. ಮಾರುವವರು, "ಗ್ರೂವ್ ನೋಡಿ, ಹೊಸದರ ಹಾಗಿದೆ" ಎಂದರಂತೆ. ಹೌದು, 7 ಮಿ.ಮೀ. ಇತ್ತು. ನಾನು, "ಡಾಟ್ ಎಂದು ಬರೆದದ್ದು ಹುಡುಕು, ಕೊನೆಯ ನಾಲ್ಕು ಅಂಕೆ ಓದು" ಎಂದೆ. "4212" ಎಂದಳು. 2012ರ 42ನೇ ವಾರದ ಮಾಲು. "ಹೆಬ್ಬೆರಳಿನ ಉಗುರು ಒತ್ತು" ಎಂದೆ. ಒತ್ತಿದಳು. "ಗುರುತೇ ಬೀಳುವುದಿಲ್ಲ ಅಪ್ಪಾ" ಎಂದಳು. ತೆಂಗಿನೆಣ್ಣೆ. ನಮಸ್ಕಾರ ಹೇಳಿ ಬಾ ಎಂದೆ.

ಕೊನೆಗೆ ಹೊಸದೇ ನಾಲ್ಕು, 16 ಇಂಚಿನ ಸ್ಟೀಲ್ ಡಿಸ್ಕ್ ಸಮೇತ. ಅರ್ಧ ದುಡ್ಡು ನಾನು ಕಳಿಸಿದೆ. ಬೇಡ ಎಂದಳು, ಕಳಿಸಿದೆ.

ಮೊನ್ನೆ ಫಿಟ್ಟಿಂಗ್. ರಾತ್ರಿ ಏಳೂವರೆಗೆ ಊಟ ಮುಗಿಸಿ ಫೋನ್ ಹಿಡಿದು ಕೂತೆ. ಅಲ್ಲಿ ಆಗ ಬೆಳಿಗ್ಗೆ ಹತ್ತು. ಅಂಗಡಿಯ ಹುಡುಗ ಅಲಾಯ್‌ನಿಂದ ಬಿಚ್ಚಿದ ಹಳೆಯ ನಟ್‌ಗಳನ್ನೇ ಹೊಸ ಡಿಸ್ಕಿಗೆ ಹಾಕಲು ಹೊರಟಿದ್ದ. ಮಗಳ ಹತ್ತಿರ ಒಂದು ನಟ್ ಕ್ಯಾಮೆರಾಕ್ಕೆ ಹಿಡಿಸಿ ನೋಡಿದೆ. ಕೂರುವ ಜಾಗ ಉರುಟು, ಗೋಲಿಯ ಹಾಗೆ. ಹೋಂಡಾದವರದ್ದು ಹಾಗೇ. ಡಿಸ್ಕಿನ ತೂತು ಮಾತ್ರ ಕೋನ್ ಆಕಾರ. ಉರುಟು ನಟ್ ಕೋನಿನಲ್ಲಿ ಕೂತರೆ ತಾಗುವುದು ಒಂದು ಗೆರೆಯಷ್ಟೇ. ಬಿಗಿಯಾದ ಹಾಗೆ ಕಾಣುತ್ತದೆ, ಓಡಿದ ಹಾಗೆ ಸಡಿಲವಾಗುತ್ತದೆ. ಇದು ಹಿಮದ ವಿಷಯ ಅಲ್ಲ, ನನ್ನ ವಿಷಯ. ಒಂದು ಕಾಲದಲ್ಲಿ ನನ್ನ ಅಂಗಡಿಯಲ್ಲೇ ಇಂಥ ತಪ್ಪಾಗಿ ಗಿರಾಕಿಯ ಜೀಪಿನ ಚಕ್ರ ಪಡುಬಿದ್ರಿ ಹತ್ತಿರ ಅಲ್ಲಾಡಿತ್ತು. ಅವರು ವಾಪಸ್ ಬಂದು ನನ್ನ ಎದುರು ನಟ್ ಇಟ್ಟ ಶಬ್ದ ಈಗಲೂ ಕಿವಿಯಲ್ಲಿದೆ. "ಕೋನ್ ನಟ್ ಬೇಕು ಎಂದು ಹೇಳು" ಎಂದೆ. ಅವಳು ಫ್ರೆಂಚಿನಲ್ಲಿ ಏನೋ ಹೇಳಿದಳು. ಹುಡುಗ ಫೋನಿಗೇ ಬಗ್ಗಿ ನನ್ನ ಮುಖ ನೋಡಿದ, ಒಳಗೆ ಹೋಗಿ ಇಪ್ಪತ್ತು ಕೋನ್ ನಟ್ ತಂದ. ಟಾರ್ಕ್ ಪಾನಾದಲ್ಲಿ (ಬಿಗಿಯ ಅಳತೆ ತೋರಿಸುವ ಪಾನಾ) 108 ನ್ಯೂಟನ್ ಮೀಟರಿಗೆ ಟಕ್ ಟಕ್ ಎಂದು ಇಪ್ಪತ್ತೂ ಬಿಗಿ ಮಾಡಿದ. ನಾನು ಇಲ್ಲಿ ಎಣಿಸಿದೆ.

ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಸಲು ಹೇಳಿದ್ದೇನೆ. ಇವತ್ತಿಗೆ 62 ಆಗಿದೆಯಂತೆ.

ಏಳು ಚಳಿಗಾಲ, ಬಿಜೈ, ಮಂಗಳೂರು

ಮಾಮ, ಬಿಚ್ಚಿದ ಅಲಾಯ್ ಸೆಟ್ ಎಲ್ಲಿಟ್ಟಿದ್ದಾಳೆ? ಫ್ಲ್ಯಾಟಿನ ಬಾಲ್ಕನಿಯಲ್ಲಿ ಬಿಡಬೇಡಿ. ಉರುಟು ನಟ್‌ಗಳನ್ನು ಒಂದು ಚೀಲದಲ್ಲಿ ಹಾಕಿ ಅದರ ಜೊತೆಗೇ ಕಟ್ಟಿಡಲಿ, ಮಾರ್ಚ್ ಕಳೆದ ಮೇಲೆ ಹುಡುಕುವ ಹಾಗಾಗಬಾರದು.

ರೀಸೋಲ್ ಮಾಮ, ಉಡುಪಿ

ಮಂಚದಡಿ ಇಟ್ಟಿದ್ದಾಳಂತೆ. ರೂಮೆಲ್ಲ ರಬ್ಬರ್ ವಾಸನೆ, ನಿಮ್ಮ ಅಂಗಡಿಯ ಹಾಗೇ ಎಂದಳು.