ಯಕ್ಷಗಾನ ಎಡಿಟಿಂಗ್‌ಗೆ ಥ್ರೆಡ್‌ರಿಪ್ಪರ್ ಬೇಕಾ?

ತುಂಗಾತೀರ:
ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ. ಮದುವೆ ಜೊತೆಗೆ ತೀರ್ಥಹಳ್ಳಿ, ಹೊಸನಗರ ಕಡೆ ಯಕ್ಷಗಾನ ರೆಕಾರ್ಡಿಂಗೂ ಇರುತ್ತದೆ. ರಾತ್ರಿಯಿಡೀ ಮೂರು ಕ್ಯಾಮೆರಾ, ಎಲ್ಲವೂ 4ಕೆ, ಎಚ್.265 (ಬಿಗಿಯಾಗಿ ಒತ್ತಿಟ್ಟ ವಿಡಿಯೊ), 10 ಬಿಟ್ 4:2:2 (ಬಣ್ಣದ ವಿವರ ಹೆಚ್ಚಿರುವ ಬಗೆ). ಈಗಿನ ಪಿಸಿಯಲ್ಲಿ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ ಪ್ಲೇ ಒತ್ತಿದರೆ ಚಂಡೆ ಕೇಳಿಸುತ್ತದೆ, ವೇಷ ಮಾತ್ರ ಕಾಲೆತ್ತಿಕೊಂಡು ನಿಂತಲ್ಲೇ ನಿಂತಿರುತ್ತದೆ, ಆ ಕಾಲು ಕೆಳಗಿಳಿಯುವಷ್ಟರಲ್ಲಿ ಭಾಗವತರು ಮುಂದಿನ ಪದ್ಯ ಎತ್ತಿರುತ್ತಾರೆ. ಎಎಂಡಿಯ 24 ಕೋರ್‌ನ ದೊಡ್ಡ ಪ್ರೊಸೆಸರ್ ಥ್ರೆಡ್‌ರಿಪ್ಪರ್ 7960ಎಕ್ಸ್ ಹಾಕಿಸಿ ಅಂತ ಅಂಗಡಿಯವರ ಒತ್ತಾಯ. ಸುಮ್ನೆ ದುಡ್ಡು ದಂಡ ಆಗುತ್ತದಾ?

ಕತ್ತರಿಮೇಜು:
ನಿಮಗೆ ಆಗುತ್ತದೆ. ನಿಮ್ಮ ಗೋಳು ಕೋರ್‌ನದ್ದಲ್ಲ, ಡಿಕೋಡ್‌ನದ್ದು, ಅಂದರೆ ಒತ್ತಿಟ್ಟ ವಿಡಿಯೊ ಬಿಚ್ಚುವುದರದ್ದು. ಎಚ್.265 4:2:2 ಬಿಚ್ಚಲು ಇಂಟೆಲ್ ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್‌ನಲ್ಲಿರುವ ಕ್ವಿಕ್ ಸಿಂಕ್‌ನಲ್ಲಿ ಹಾರ್ಡ್‌ವೇರೇ ಇದೆ, ಥ್ರೆಡ್‌ರಿಪ್ಪರ್‌ನಲ್ಲಿ ಒಳಗಿನ ಗ್ರಾಫಿಕ್ಸೇ ಇಲ್ಲ. ಹಳೆ ಎನ್ವಿಡಿಯಾ ಕಾರ್ಡ್‌ಗಳೂ 4:2:2 ಮುಟ್ಟುವುದಿಲ್ಲ, ಆರ್‌ಟಿಎಕ್ಸ್ 50 ಸರಣಿಯಿಂದ ಆಗುತ್ತದೆ. ಇಂಟೆಲ್‌ನ ಕೋರ್ ಅಲ್ಟ್ರಾ 9 285ಕೆ ನೋಡಿ. ಅದರಲ್ಲೂ 24 ಕೋರ್, ಆದರೆ 8 ದೊಡ್ಡವು, 16 ಸಣ್ಣವು. ಎಎಂಡಿಯ ರೈಝನ್ 9 9950ಎಕ್ಸ್ ಬೇಕೇ ಬೇಕು ಅಂದರೆ ಜೊತೆಗೆ 50 ಸರಣಿಯ ಕಾರ್ಡ್ ಹಾಕಿ. ದುಡ್ಡು ಕೊಡುವ ಮುಂಚೆ ಒಂದೆರಡು ಕ್ಲಿಪ್‌ಗೆ ಪ್ರಾಕ್ಸಿ (ಎಡಿಟಿಂಗ್‌ಗೆ ಹಗುರವಾದ ನಕಲು) ಮಾಡಿ ಓಡಿಸಿ, ಸಲೀಸಾಗಿ ಓಡಿದರೆ ಕಾಯಿಲೆ ಯಾವುದು ಅಂತ ಗೊತ್ತಾಗುತ್ತದೆ.

ಆಗುಂಬೆಮಳೆ:
ಇವರಿಗೆ ಬೇಡ, ಸರಿ. ಹಾಗಂತ ಥ್ರೆಡ್‌ರಿಪ್ಪರೇ ದಂಡ ಅನ್ನಬೇಡಿ. ನಾನು 3ಡಿ ಮಾಡುವವನು. ಎರಡು ಗ್ರಾಫಿಕ್ಸ್ ಕಾರ್ಡ್, ನಾಲ್ಕು ಎನ್‌ವಿಎಂಇ ಡ್ರೈವ್ ಕೂರಿಸಬೇಕಾದರೆ ಪಿಸಿಐಇ ಲೇನ್ (ಕಾರ್ಡ್, ಡ್ರೈವ್‌ಗಳಿಗೆ ಡೇಟಾ ಹೋಗುವ ದಾರಿ) ಜಾಸ್ತಿ ಬೇಕೇ ಬೇಕು. ಮೆಮೊರಿಗೂ ನಾಲ್ಕು ಚಾನೆಲ್ ಇದೆ, 9950ಎಕ್ಸ್‌ನಲ್ಲಿ ಎರಡೇ. ಆದರೆ ಸರ್ವರ್‌ಗೆ ಹಾಕುವಂಥ ರಿಜಿಸ್ಟರ್ಡ್ ಡಿಡಿಆರ್5 ರ್‍ಯಾಮೇ ಬೇಕು, ಮಾಮೂಲಿ ರ್‍ಯಾಮ್ ನಡೆಯುವುದಿಲ್ಲ.

ಇನ್ನೊಂದು ಮಾತು, ಕರೆಂಟು. 7960ಎಕ್ಸ್‌ನ ಟಿಡಿಪಿ (ಕಂಪನಿ ಹೇಳುವ ಶಾಖದ ಲೆಕ್ಕ, ಕರೆಂಟಿನ ಅಂದಾಜಿಗೂ ಆಗುತ್ತದೆ) 350 ವ್ಯಾಟ್, 9950ಎಕ್ಸ್‌ನದು 170. ಹೋದ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿತ್ತು, ನನ್ನ 600 ವಿಎ ಯುಪಿಎಸ್ ಒಂದು ಸಲ ಕುಂಯ್ ಅಂದು ಮಲಗಿತು. ಹನ್ನೊಂದು ಗಂಟೆ ಓಡಿದ್ದ ರೆಂಡರ್ ನೀರುಪಾಲು. ಪ್ರೊಸೆಸರ್ ಯಾವುದಾದರೂ ತಗೊಳ್ಳಿ, ಯುಪಿಎಸ್‌ಗೆ ಜಿಪುಣತನ ಬೇಡ ಮಾರಾಯ್ರೆ.

ತುಂಗಾತೀರ:
ಪ್ರಾಕ್ಸಿ ಮಾಡಿ ನೋಡಿದೆ. ವೇಷ ಚಂಡೆಗೆ ಸರಿಯಾಗಿ ಕುಣಿಯಿತು! 285ಕೆ ಅಂತ ಮನಸ್ಸು ಮಾಡಿದ್ದೇನೆ. ದೊಡ್ಡ ಯುಪಿಎಸ್ ಅಡಿಕೆ ದುಡ್ಡು ಬಂದ ಮೇಲೆ ಅಂತ ಮನೆಯಲ್ಲಿ ಅಪ್ಪಣೆ ಆಗಿದೆ. ಹಳೆ ಡಿಡಿಆರ್4 ರ್‍ಯಾಮ್ ಅದಕ್ಕೆ ಹಾಕಬಹುದು ಅಲ್ವಾ?

ಕತ್ತರಿಮೇಜು:
ಇಲ್ಲ. ಡಿಡಿಆರ್5 ಮಾತ್ರ, ಬೋರ್ಡೂ ಹೊಸದೇ. ಹಳೆ ಪಿಸಿಯನ್ನು ಬಿಚ್ಚದೆ ಹಾಗೇ ಮಾರಿ.